ಅಮಾವಾಸ್ಯೆಯ ದಿನ ನಡೆದ ಮಗ್ಗ

ನಮ್ಮ ಮನೆ ಭೋಗ್ಯಕ್ಕೆ ಬಿದ್ದದ್ದು ದೀಪದ ಎಣ್ಣೆಯಿಂದ. ಕುಡಿತದಿಂದಲ್ಲ, ಜೂಜಿನಿಂದಲ್ಲ, ಅಕ್ಕನ ಮದುವೆಯಿಂದಲೂ ಅಲ್ಲ. ಮನೆ ಕಳೆದುಕೊಳ್ಳುವವರಿಗೆ ಹೇಳಿಕೊಳ್ಳಲು ಒಂದು ಮರ್ಯಾದೆಯ ಕಾರಣವಾದರೂ ಇರಬೇಕು, ನಮಗೆ ಅದೂ ಇಲ್ಲವಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವ್ವ ಒಂದೊಂದು ಸಲ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ನಾವು ಮೊಳಕಾಲ್ಮೂರಿನ ನೇಕಾರರು. ಮನೆಯೊಳಗೆ ತೆಲುಗು, ಬೀದಿಗಿಳಿದರೆ ಕನ್ನಡ, ಬೈಯುವುದಕ್ಕೆ ಎರಡೂ. ನಮ್ಮದು ಎರಡು ಅಂಕಣದ ಮನೆ. ಒಂದು ಅಂಕಣದಲ್ಲಿ ಒಲೆ, ಕಾಳುಕಡ್ಡಿ, ನಾವು. ಇನ್ನೊಂದರಲ್ಲಿ ಮಗ್ಗ. ಮಗ್ಗ ಎಂದರೆ ಎತ್ತಿ ಬೇರೆ ಕಡೆ ಇಡುವ ಸಾಮಾನಲ್ಲ. ನೆಲವನ್ನು ಮೊಳಕಾಲು ಮುಳುಗುವಷ್ಟು ತೋಡಿ, ಆ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತೇವೆ. ಗುಣಿಯ ತಂಪು ರೇಷ್ಮೆಗೆ ಬೇಕು. ಗಾಳಿ ಮಾತ್ರ ಆಗದು. ನಮ್ಮೂರಿನ ಗಾಳಿ ಬಂಡೆಗಳ ಮೇಲೆ ಕಾದು ಬರುತ್ತದೆ. ಅದು ಸೋಕಿದರೆ ಎಳೆ ಪಟ್ಟನೆ ಹರಿಯುತ್ತದೆ. ಆದ್ದರಿಂದ ಮಗ್ಗದ ಅಂಕಣಕ್ಕೆ ಕಿಟಕಿ ಇಡುವುದಿಲ್ಲ. ಯಾರೋ ತಿಳಿಯದೆ ಇಟ್ಟಿದ್ದರೆ ಮಣ್ಣು ಮೆತ್ತಿ ಮುಚ್ಚುತ್ತೇವೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಸೆರಗಿನ ಹೂವಿನ ಎಳೆ ಎಣಿಸಬೇಕಾದರೆ ಹಗಲಲ್ಲೂ ದೀಪ ಹಚ್ಚಬೇಕು. ದೀಪಕ್ಕೆ ಎಣ್ಣೆ ಬೇಕು.

ಎಣ್ಣೆ ಚಳ್ಳಕೆರೆಯ ಸಾಹುಕಾರರದು. ಅವರ ಅಂಗಡಿಯೊಂದು ನಮ್ಮ ಪೇಟೆಯಲ್ಲಿತ್ತು. ಸೀರೆ ಮಗ್ಗದಿಂದ ಇಳಿದ ಮೇಲೆ ಕೊಟ್ಟರಾಯಿತು ಎಂದು ಎಣ್ಣೆ ಕೊಡುತ್ತಿದ್ದರು. ಸೀರೆ ಇಳಿದಾಗ ರೇಷ್ಮೆಯ ಬಾಕಿ ಮುಂದೆ ನಿಲ್ಲುತ್ತಿತ್ತು, ಎಣ್ಣೆಯ ಬಾಕಿ ಹಿಂದೆ ಸರಿಯುತ್ತಿತ್ತು. ಒಂದು ವರ್ಷ ಊರಿನ ಮನೆಗಂದಾಯ ಕಟ್ಟಲಾಗದಿದ್ದಾಗ ಸಾಹುಕಾರರೇ ಕಟ್ಟಿದರು. ಮುಂದಿನ ವರ್ಷವೂ ಅವರೇ ಕಟ್ಟಿದರು. ಎಂಥ ಒಳ್ಳೆಯ ಮನುಷ್ಯ ಎಂದು ಅವ್ವ ಅವರ ಹೆಸರಿನಲ್ಲಿ ದೇವರಿಗೊಂದು ಕಾಯಿ ಒಡೆಸಿದಳು. ಆಮೇಲೆ ಅದನ್ನೆಲ್ಲ ಕೂಡಿಸಿ ಇನ್ನೂರು ರೂಪಾಯಿ ಮಾಡಿ, ಮನೆಯನ್ನು ಭೋಗ್ಯಕ್ಕೆ ಬರೆಸಿಕೊಂಡರು. ಮನೆ ಅವರದು, ವಾಸ ನಮ್ಮದು. ನೇಯ್ದ ಸೀರೆ ಅವರು ಹೇಳಿದ ಬೆಲೆಗೆ ಅವರಿಗೇ. ಯುಗಾದಿಯೊಳಗೆ ಅಸಲು ಕಟ್ಟದಿದ್ದರೆ ವಾಸವೂ ಅವರದೇ.

ನನಗಾಗ ಇಪ್ಪತ್ತು ದಾಟಿರಲಿಲ್ಲ. ಈಗಲೂ ಹೇಳಿಕೊಳ್ಳುವಷ್ಟು ದಾಟಿಲ್ಲ. ನೇಯುವುದೇ ನನ್ನ ಕಸುಬಾದರೂ ಬೀದಿಯಲ್ಲಿ ನಾನು ಪ್ರಸಿದ್ಧನಾಗಿದ್ದದ್ದು ಬೇರೆಯದಕ್ಕೆ. ಯಾರ ಮಾತು, ಯಾರ ನಡಿಗೆ, ಯಾರ ಕೆಮ್ಮು ಬೇಕು ಹೇಳಿ, ಒಂದು ಸಲ ಕೇಳಿದರೆ ಸಾಕು, ಹಾಗೆಯೇ ಮಾಡಿ ತೋರಿಸುತ್ತಿದ್ದೆ. ಶ್ಯಾನುಭೋಗರ ಸೀನು, ಬಳೆಗಾರ ಸಾಬಿಯ ಕೂಗು, ನಮ್ಮ ಬೀದಿಯ ಇಬ್ಬರು ವಾರಗಿತ್ತಿಯರು ನೀರು ಸೇದುವಾಗ ಮಾತಾಡದೆಯೇ ಜಗಳವಾಡುವ ರೀತಿ. ನನ್ನನ್ನೂ ಬಿಟ್ಟುಕೊಂಡಿರಲಿಲ್ಲ. ಎಡಗಾಲು ತುಳಿಯಬೇಕಾದಾಗ ಬಲಗಾಲು ತುಳಿದು, ಎಳೆ ಹರಿದು, ಏನೂ ಆಗದವನಂತೆ ಸೂರು ನೋಡುವ ನನ್ನನ್ನೇ ನಾನು ಆಡಿ ತೋರಿಸಿದರೆ ಬೀದಿ ಎಲ್ಲಕ್ಕಿಂತ ಹೆಚ್ಚು ನಗುತ್ತಿತ್ತು. ನೇಯ್ಗೆಯಲ್ಲಿ ನಾನು ಎಷ್ಟರವನು ಎಂಬುದು ಎಲ್ಲರಿಗೂ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಅಪ್ಪ ವಾಯಿದೆ ಮುಂದೆ ಹಾಕಿಸಲು ಚಳ್ಳಕೆರೆಗೆ ಹೊರಟ. ನನ್ನನ್ನೂ ಕರೆದುಕೊಂಡ. ಅಪ್ಪನಿಗೆ ಮಾತು ಕಡಿಮೆ. ನಾನು ಜೊತೆಗಿದ್ದರೆ ಮಾತು ಹೆಚ್ಚಾದೀತೆಂಬ ಭಯವೂ ಇತ್ತು. ದಾರಿಯುದ್ದಕ್ಕೂ, "ಅಲ್ಲಿ ನೀನು ಬಾಯಿ ಬಿಡಬ್ಯಾಡ," ಎಂದ. ಸಾಹುಕಾರರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಡಿಸಿ, ಪ್ರತಿ ಎರಡು ಮಾತಿಗೊಮ್ಮೆ ಒಂದು ಚಿಟಿಕೆ ನಶ್ಯ ಏರಿಸಿಕೊಳ್ಳುತ್ತ ಕೇಳಿದರು.

"ಮನೆ ಯಾರ್ದಾದ್ರೇನಪ್ಪ? ಇಲ್ಲಿಗಂಟ ಇದ್ದೋರು ನೀವೇ ಅಲ್ವಾ?"

"ಇದ್ದೀವಿ ಸಾಹುಕಾರ್ರೆ. ಇನ್ನೊಂದು ವರ್ಷ ಇರಾಕೆ ಬಿಡ್ರಿ ಅಂತ ಕೇಳಾಕೆ ಬಂದೀವಿ," ಎಂದ ಅಪ್ಪ.

"ಯುಗಾದಿವರೆಗೂ ಐತಲ್ಲ ವಾಯಿದೆ. ನಾನೇನು ನಾಳೆ ಬಾ ಅಂದ್ನಾ?"

ಅಪ್ಪ, "ಬ್ಯಾರೆ ಮನೆ ಬಾಡಿಗೆಗೆ ಹಿಡೀಬಹುದು. ಗುಣಿ ಸಿಗಲ್ಲ. ಬಾಡಿಗೆ ಮನೆಯಾಗೆ ನೆಲ ತೋಡಾಕೆ ಯಾರೂ ಬಿಡಲ್ಲ. ನಮ್ಮ ಗುಣಿ ನಮ್ಮ ತಾತ ತೋಡಿದ್ದು," ಎಂದ.

ಸಾಹುಕಾರರು ನಶ್ಯದ ಡಬ್ಬಿ ಮುಚ್ಚಿದರು. "ಅಷ್ಟೇ ತಾನೇ? ಗುಣಿ ನೀವು ಎತ್ಕೊಂಡು ಹೋಗ್ರಿ. ಬ್ಯಾಡ ಅಂದೋರು ಯಾರು?"

ಅವರ ಗುಮಾಸ್ತ ನಕ್ಕ. ನಾವು ಎದ್ದು ಬಂದೆವು.

ಬಿ.ಜಿ. ಕೆರೆಯ ಹತ್ತಿರ ಬಂಡಿಯವನು ಎತ್ತು ಬಿಚ್ಚಿದಾಗ ನನಗೆ ತಡೆಯಲಾಗಲಿಲ್ಲ. ಮರದ ಕೆಳಗೆ ಸಾಹುಕಾರರ ಹಾಗೆ ಹೊಟ್ಟೆ ಬಿಟ್ಟು ಕೂತು, ಮೂಗಿಗೆ ನಶ್ಯ ಏರಿಸಿ, "ಎತ್ಕೊಂಡು ಹೋಗ್ರಿ," ಎಂದೆ. ಆಮೇಲೆ ಎದ್ದು ನಿಂತು, ಒಂದು ಗುಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಒದ್ದಾಡುತ್ತ ನಡೆಯುವ ನಮ್ಮಪ್ಪನಾದೆ. ಅಪ್ಪ ನೋಡುತ್ತಿದ್ದ. ಮೊದಲು ಸಿಟ್ಟು ಬಂದ ಹಾಗಿತ್ತು. ಆಮೇಲೆ ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಪಂಚೆಯ ಚುಂಗಿನಿಂದ ಒರೆಸಿಕೊಂಡು, "ಸಾಕು ಬಿಡೋ," ಎಂದ. ಅದು ನಗುವಿನ ನೀರೇ ಎಂದು ನಾನು ಆಗ ತಿಳಿದಿದ್ದೆ.

ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಸಹಕಾರ ಸಂಘವೊಂದು ಶುರುವಾಗಿತ್ತು. ನೇಕಾರರೇ ವಾರಕ್ಕಿಷ್ಟೆಂದು ಹಾಕಿದ ಹಣ, ಅದರ ಮೇಲೆ ಸರ್ಕಾರದ ಕಡೆಯಿಂದ ಸ್ವಲ್ಪ. ಭೋಗ್ಯಕ್ಕೆ ಬಿದ್ದ ಮನೆ ಬಿಡಿಸಿಕೊಳ್ಳಲು ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರೆ, ತಿಂಗಳ ಕಂತಿನಲ್ಲಿ ತೀರಿಸಬಹುದು ಎಂದು ಗೊತ್ತಾಯಿತು. ಅಪ್ಪ ಮೂರು ವಾರ ಯೋಚಿಸಿದ. ಕೇಳಿ ಪಡೆಯುವುದು ಅವನಿಗೆ ಆಗದು. ಕೊನೆಗೆ ಅವ್ವ, "ಬೀದಿಯೋರ ಹತ್ರ ಕೇಳೋದು ನಾಚಿಕೆ, ಬೀದಿಗೆ ಬೀಳೋದು ನಾಚಿಕೆ ಅಲ್ವೇನು?" ಎಂದ ಮೇಲೆ ಹೋದ.

ಸಂಘದ ನಿಯಮಗಳು ಎರಡೇ. ಬೀದಿಯವರು ಜಾಮೀನು ನಿಲ್ಲಬೇಕು. ಒಬ್ಬರು ಒಂದು ಮನೆಗೆ ಒಂದೇ ಸಲ ನಿಲ್ಲಬಹುದು, ಅದೂ ನೂರು ರೂಪಾಯಿಗೆ ಮೀರದಂತೆ; ನಮ್ಮ ಇನ್ನೂರಕ್ಕೆ ಇಬ್ಬರು ಬೇಕು. ಮತ್ತು ದುರ್ಗದಿಂದ ತನಿಖೆಯವರು ಬಂದು ಮನೆ, ಮಗ್ಗ ನೋಡಬೇಕು. ನಿಂತ ಮಗ್ಗಕ್ಕೆ ಸಾಲವಿಲ್ಲ. ದುಡಿಯುವ ಮನೆ ಎಂದು ಅವರು ಬರೆದರೆ ಹಣ.

ಜಾಮೀನಿಗೆ ಒಬ್ಬ ನಮ್ಮ ಚಿಕ್ಕಪ್ಪ. ಇನ್ನೊಬ್ಬರು ಬೀದಿಗೆಲ್ಲ ಹಿರಿಯರು, ಸಂಘದ ಪಂಚರಲ್ಲಿ ಮೊದಲನೆಯವರು. ಸಂಬಂಧ ಇರಲಿ ಬಿಡಲಿ, ಎಲ್ಲರೂ ಅವರನ್ನು ಮಾಮ ಎನ್ನುತ್ತಿದ್ದೆವು. ಅವರು ಬೇರೆ ಯಾರಿಗೂ ಜಾಮೀನು ನಿಂತವರಲ್ಲ. ಅಪ್ಪ ಕೇಳುವ ಮೊದಲೇ, "ನಿನಗೆ ನಿಲ್ದೆ ಇನ್ಯಾರಿಗೆ ನಿಲ್ಲಲಿ? ನಿನ್ನ ಮಗನಿಗಾದ್ರೆ ನಾಕಾಣೆಗೂ ನಿಲ್ಲಲ್ಲ," ಎಂದರು. ನಾನು ಅಲ್ಲೇ ಇದ್ದೆ. ಅವರು ಹೇಳಿದ್ದನ್ನು ಅವರ ಧ್ವನಿಯಲ್ಲೇ ತಿರುಗಿ ಹೇಳಿದೆ. "ಏಮಿರಾ ಕೋತಿ," ಎಂದು ಕೈಗೆ ಸಿಕ್ಕ ನೂಲಿನ ಉಂಡೆ ಎಸೆದರು. ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು.

ತನಿಖೆಯವರು ಗುರುವಾರ ಬರುತ್ತಾರೆಂದು ಕಾಗದ ಬಂತು. ಆ ವಾರವೆಲ್ಲ ಅಪ್ಪ ಗುಣಿ ಬಿಟ್ಟು ಏಳಲಿಲ್ಲ. ಗುರುವಾರ ಯಾರೂ ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಮಧ್ಯಾಹ್ನ, ಚಿಕ್ಕಪ್ಪನ ಮಗಳು ಓಡಿ ಬಂದು, "ದೊಡ್ಡಪ್ಪಾ, ಕೋಟು ಹಾಕ್ಕೊಂಡು ಒಬ್ರು ಬಂದವ್ರೆ, ಮಾಮನ ಮನೆತಾವ ನಿಂತವ್ರೆ," ಎಂದಳು.

ಶನಿವಾರ ಅಮಾವಾಸ್ಯೆ.

ಅಮಾವಾಸ್ಯೆಯ ದಿನ ನಾವು ಮಗ್ಗಕ್ಕೆ ಕೂರುವುದಿಲ್ಲ. ಯಾಕೆ ಎಂದು ಕೇಳಬೇಡಿ, ನಾನೂ ಕೇಳಿಲ್ಲ. ಆ ದಿನ ಗುಣಿಯ ಸುತ್ತ ಸಾರಿಸಿ, ಮಗ್ಗಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ಮೇಲೊಂದು ಬಟ್ಟೆ ಹೊದಿಸಿ ಬಿಟ್ಟುಬಿಡುತ್ತೇವೆ. ಇಡೀ ಬೀದಿ ಸದ್ದಿಲ್ಲದೆ ಇರುತ್ತದೆ. ತಿಂಗಳ ಇಪ್ಪತ್ತೊಂಬತ್ತು ದಿನ ಆ ಸದ್ದಿನಲ್ಲೇ ಇದ್ದವರಿಗೆ ಆ ದಿನ ಕಿವಿಯಲ್ಲಿ ಏನೋ ಕಡಿಮೆಯಾದ ಹಾಗೆ. ಜ್ವರ ಬಂದರೂ ನೇಯ್ದಾರು, ಅಮಾವಾಸ್ಯೆಯಂದು ಗುಣಿಗೆ ಕಾಲಿಟ್ಟವರನ್ನು ನಮ್ಮ ಬೀದಿ ಕಂಡಿಲ್ಲ.

ಅಪ್ಪ ಅಂಗಿ ಹಾಕಿಕೊಂಡು ಬಾಗಿಲಿಗೆ ಹೋದ. ಹೋಗುವ ಮೊದಲು ನನ್ನ ಕಡೆ ತಿರುಗಿ, "ನೀನು ಒಳಗೇ ಇರು. ನಿನ್ನ ಮಾರಿ ನೋಡಿದ್ರೆ ಸಾಕು, ಯಾರಿಗಾದ್ರೂ ಇವ್ನು ನಮ್ಮನ್ನ ಆಡ್ಕೊಳ್ತಾನೆ ಅನ್ನಿಸ್ತೈತೆ," ಎಂದ. ಅವ್ವ ಹಿತ್ತಲಲ್ಲಿದ್ದಳು. ನಾನು ಬಟ್ಟೆ ಹೊದಿಸಿದ ಮಗ್ಗದ ಪಕ್ಕ ಒಬ್ಬನೇ ನಿಂತೆ.

ಹೊರಗೆ ಬೀದಿಯ ಮಣ್ಣಿನಲ್ಲಿ ಬೂಟಿನ ಸದ್ದು. ಹೊಸ ಧ್ವನಿ, ದುರ್ಗದ ಕಚೇರಿಯ ಧ್ವನಿ: "ಇದೇ ಏನ್ರೀ ಮನೆ? ಮಗ್ಗ ಎಲ್ಲಿದೆ?"

ನಿಂತ ಮಗ್ಗಕ್ಕೆ ಸಾಲವಿಲ್ಲ ಎಂಬ ಮಾತು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆ ಮನುಷ್ಯ ಹೊರಗೇ ನಿಂತು, ಸದ್ದು ಕೇಳದೆ, 'ಮಗ್ಗ ನಿಂತಿದೆ' ಎಂದು ಬರೆದುಕೊಂಡು ಹೋದರೆ? ಗುಣಿಗೆ ಕಾಲಿಡುವಷ್ಟು ಧೈರ್ಯ ನನಗೂ ಇರಲಿಲ್ಲ. ಆದರೆ ಬಾಯಿ ಇತ್ತು. ಮೂಲೆಯಲ್ಲಿ ನೂಲು ಇಡುವ ಮರದ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತೆ. ಹಲ್ಲಿನ ಸಂದಿಯಲ್ಲಿ ಉಸಿರೆಳೆದು ಲಾಳಿ ಸರಿಯುವ ಸದ್ದು ಮಾಡಿದೆ. ಪೆಟ್ಟಿಗೆಯ ಮೇಲೆ ಮುಷ್ಟಿ ಕುಟ್ಟಿ ಹಲಗೆ ಬಡಿಯುವ ಸದ್ದು ಮಾಡಿದೆ. ಸರ್ರ್, ದಬ್ ದಬ್. ಸರ್ರ್, ದಬ್ ದಬ್. ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಯಾವುದನ್ನೂ ಮಾಡಿರಲಿಲ್ಲ. ಅಪ್ಪ ಸೆರಗಿನ ಹತ್ತಿರ ಬಂದಾಗ ಸ್ವಲ್ಪ ನಿಧಾನ ಮಾಡುತ್ತಾನಲ್ಲ, ಅದನ್ನೂ ಸೇರಿಸಿದೆ. ಒಳಗೊಳಗೇ ಖುಷಿಯೂ ಆಯಿತು.

ಹೊರಗೆ ಮಾತು ನಿಂತುಹೋಯಿತು.

ಒಳಗಿದ್ದ ನನಗೆ ತಿಳಿಯದೆ ಇದ್ದ ಸಂಗತಿಗಳು ಎರಡು. ಒಂದು, ತನಿಖೆಯವರ ಜೊತೆ ಮಾಮ ಮತ್ತು ಇನ್ನೊಬ್ಬ ಪಂಚರೂ ಬಂದಿದ್ದರು. ಎರಡು, ಬೀದಿಯ ತಲೆಯಲ್ಲೇ ಮಾಮ ಅವರಿಗೆ ಎಲ್ಲ ಹೇಳಿದ್ದರು: ಈ ದಿನ ಅಮಾವಾಸ್ಯೆ, ಒಂದು ಮಗ್ಗವೂ ನಡೆಯುವುದಿಲ್ಲ, ಗುಣಿಯನ್ನೂ ಮಗ್ಗದ ಮೇಲಿನ ಸೀರೆಯನ್ನೂ ನೋಡಿದರೆ ಸಾಕು, ಈ ಮನೆಯವನು ಎಂಥವನೆಂದು ನಾನು ಹೇಳುತ್ತೇನೆ ಎಂದು. ಅವರು ಆಗಲಿ ಎಂದು ಒಪ್ಪಿಕೊಂಡೂ ಇದ್ದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸುಮ್ಮನೆ ನಿಲ್ಲುವುದೊಂದನ್ನು ನಾನು ಯಾರಿಂದಲೂ ಕಲಿತಿರಲಿಲ್ಲ.

"ಯಾರೂ ಕೂರಲ್ಲ ಅಂದ್ರಲ್ಲ ಯಜಮಾನ್ರೇ?" ಎಂದರು ತನಿಖೆಯವರು.

 ಮಾಮ ಅಪ್ಪನನ್ನೇ ನೋಡುತ್ತಿದ್ದರಂತೆ. ಎದುರು ಮನೆಯವರೂ ಪಕ್ಕದ ಮನೆಯವರೂ ಬಾಗಿಲಿಗೆ ಬಂದಿದ್ದರಂತೆ. ಅಮಾವಾಸ್ಯೆಯ ದಿನ ನಮ್ಮ ಮನೆಯಿಂದ ಮಗ್ಗದ ಸದ್ದು. ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಮಗ್ಗ ನಡೆಯುತ್ತಿದೆ ಎಂದು ದುರ್ಗದವರು ನಂಬುತ್ತಿದ್ದರು, ಅಮಾವಾಸ್ಯೆ ಮುರಿದ ಮನೆಯೆಂದು ಇಡೀ ಬೀದಿಯೂ ನಂಬುತ್ತಿತ್ತು. ಸದ್ದು ಸುಳ್ಳೆಂದರೆ ಬೀದಿಯ ಮುಂದೆ ಮಾನ ಉಳಿಯುತ್ತಿತ್ತು, ದುರ್ಗದವರ ಮುಂದೆ ಮೋಸದ ಮನೆಯಾಗುತ್ತಿತ್ತು.

ನಾನು ಇನ್ನೂ ಕುಟ್ಟುತ್ತಲೇ ಇದ್ದೆ.

"ಅದು ಮಗ್ಗ ಅಲ್ಲ ಸ್ವಾಮಿ," ಎಂದು ಅಪ್ಪನ ಧ್ವನಿ ಕೇಳಿತು. "ನನ್ನ ಮಗ. ಬಾಯಾಗೆ ಮಾಡ್ತಾ ಅವ್ನೆ. ಲೇ, ಈಚೆ ಬಾರೋ."

ನಾನು ಈಚೆ ಬಂದೆ. ಮುಷ್ಟಿ ಕೆಂಪಾಗಿತ್ತು. ತನಿಖೆಯವರು ಎಳೆ ವಯಸ್ಸಿನವರು, ಕನ್ನಡಕ, ಕೋಟಿನ ಮೇಲೆಲ್ಲ ದಾರಿಯ ಧೂಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಯಲ್ಲಾ? ಮಾಡಿ ತೋರಿಸು," ಎಂದರು.

ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಮಾಡಿದೆ. ಬಾಗಿಲಿನ ಕಂಬಕ್ಕೆ ಮುಷ್ಟಿ ಕುಟ್ಟಿ, ಸರ್ರ್, ದಬ್ ದಬ್. ತನಿಖೆಯವರು ಗಟ್ಟಿಯಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲವೆಂದು ಕಂಡ ಮೇಲೆ ಅವರೂ ನಿಲ್ಲಿಸಿದರು.

"ಯಾಕಪ್ಪಾ ಹೀಗೆ ಮಾಡಿದೆ?"

"ನಿಂತ ಮಗ್ಗಕ್ಕೆ ಸಾಲ ಇಲ್ಲ ಅಂದಿದ್ರು ಸಾಹೇಬ್ರೆ."

ಅವರು ಒಳಗೆ ಬಂದರು. ಮಗ್ಗದ ಮೇಲಿನ ಬಟ್ಟೆ ಸರಿಸಿ ಸೀರೆ ನೋಡಿದರು, ಗುಣಿ ನೋಡಿದರು. ಒಲೆಯ ಅಂಕಣವನ್ನೂ ನೋಡಿದರು. ಸಿಟ್ಟೇನೂ ಮಾಡಲಿಲ್ಲ. ಆದರೆ ತಿಂಗಳಿಗೆ ಎಷ್ಟು ಸೀರೆ ಎಂದು ಕೇಳಿದಾಗ ಅಪ್ಪ ಎರಡು ಎಂದರೆ, ಅವರು ಬರೆದುಕೊಳ್ಳುವ ಮೊದಲು ಮಾಮನ ಕಡೆ ನೋಡಿದರು. ಹೌದೇ ಎಂಬ ಹಾಗೆ. ಅಪ್ಪ ಹೇಳಿದ್ದಕ್ಕೆ ಇನ್ನೊಬ್ಬರ ಮುಖ ನೋಡುವುದನ್ನು ನಾನು ಅದೇ ಮೊದಲು ಕಂಡದ್ದು.

ಹೋಗುವಾಗ ಮಾಮ ನನ್ನನ್ನು ಬೈಯಲಿಲ್ಲ. ಕೋತಿ ಎನ್ನಲಿಲ್ಲ. ಮೂರನೆಯ ದಿನ ಚಿಕ್ಕಪ್ಪ ಬಂದು, ಮಾಮ ಜಾಮೀನಿನಿಂದ ಹಿಂದೆ ಸರಿದರು ಎಂದು ಹೇಳಿದ.

ಅಪ್ಪ ಕೇಳಲು ಹೋಗಲಿಲ್ಲ. ನಾನು ಹೋದೆ. ಮಾಮ ಅಂಗಳದಲ್ಲಿ ನೂಲು ಸುತ್ತುತ್ತ ಕೂತಿದ್ದರು. ಕಾಲು ಹಿಡಿದೆ. ನಾಟಕದವನ ಹಾಗೆ ಅಲ್ಲ, ನಿಜವಾಗಿಯೇ. ಆದರೆ ನನ್ನ ಮೇಲೆ ನನಗೇ ಅನುಮಾನ ಬಂತು, ಇದೂ ಯಾರನ್ನಾದರೂ ನೋಡಿ ಕಲಿತದ್ದೋ ಏನೋ ಎಂದು.

"ತಪ್ಪು ನಂದು ಮಾಮ. ನಮ್ಮಪ್ಪಂದಲ್ಲ. ಅವ್ನು ನಿಜ ಹೇಳಿದ್ನಲ್ಲ?"

"ಹೇಳಿದ."

"ಮತ್ಯಾಕೆ?"

ಅವರು ಕೈ ನಿಲ್ಲಿಸಿದರು. "ಒರೇ, ಅವತ್ತು ಒಂದು ಗಳಿಗೆ ನಾನು ನಂಬಿದೆ. ನಿಮ್ಮಪ್ಪ ಸಾಲಕ್ಕೋಸ್ಕರ ಅಮಾಸೆ ದಿನ ಯಾರ್ನೋ ಗುಣಿಗೆ ಇಳಿಸ್ಯಾನೆ ಅಂತ ನಂಬಿದೆ. ನಲ್ವತ್ತು ವರ್ಷದಿಂದ ನೋಡಿದೀನಿ ಅವ್ನನ್ನ. ಒಂದು ಗಳಿಗೇಲಿ ಅಷ್ಟೂ ಹೋತು."

"ಸದ್ದು ಹಂಗಿತ್ತು ಮಾಮ."

"ಹಂಗಿತ್ತು. ಲಾಳಿ ಬಲದಿಂದ ಎಡಕ್ಕೆ ಹೋಗೋದು ಸರಿ ಮಾಡಿದ್ದೆ. ಎಡದಿಂದ ಬಲಕ್ಕೆ ಬರೋದು ಒಂಚೂರು ಬ್ಯಾರೆ ಇರ್ತೈತೆ. ಅದು ನನಗೆ ಆಮ್ಯಾಲೆ ಹೊಳೀತು. ಆಗ್ಲೇ ಹೊಳೀಬೇಕಿತ್ತು." ಮತ್ತೆ ನೂಲು ಹಿಡಿದರು. "ಹುಟ್ಟಿದಾಗಿಂದ ಕೇಳಿದ ಸದ್ದು. ನನ್ನ ಕಿವೀನೇ ನಾನು ನಂಬಂಗಿಲ್ಲ ಅಂದ್ಮ್ಯಾಲೆ ಇನ್ನೊಬ್ಬನ ಮನೆಗೆ ನೂರು ರೂಪಾಯಿ ಹೆಂಗೆ ನಿಲ್ಲಲಿ? ನೀನೇ ಹೇಳು."

ಕಾಲು ಬಿಟ್ಟು ಎದ್ದು ಬಂದೆ. ಅವರು ಅಪ್ಪನಿಗೆ ಮುಖ ತೋರಿಸಲಾಗದೆ ಹಿಂದೆ ಸರಿದಿದ್ದರು ಎಂಬುದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಬೇರೆ ಯಾರಾದರೂ ನಿಂತಾರೇ ಎಂದು ಚಿಕ್ಕಪ್ಪ ನಾಲ್ಕು ಮನೆ ತಿರುಗಿದ. ಮಾಮ ಬಿಟ್ಟ ಜಾಮೀನನ್ನು ಇನ್ನೊಬ್ಬರು ಹಿಡಿಯುವುದು ನಮ್ಮ ಬೀದಿಯಲ್ಲಿ ಆಗದ ಮಾತು.

ಸಂಘ ತಪ್ಪು ಮಾಡಲಿಲ್ಲ. ದುಡಿಯುವ ಮನೆ ಎಂದೇ ತನಿಖೆಯವರು ಬರೆದಿದ್ದರು. ಒಬ್ಬ ಜಾಮೀನುದಾರ, ನೂರು ರೂಪಾಯಿ. ಯುಗಾದಿಗೆ ಹದಿನೈದು ದಿನವಿರುವಾಗ ಆ ಹಣ ಕೈಗೆ ಬಂತು. ಅಪ್ಪ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಚಳ್ಳಕೆರೆಗೆ ಹೊರಟ. ಈ ಸಲ ಬಾಯಿ ಬಿಡಬೇಡ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸಾಹುಕಾರರು ಹಣ ನೋಡಿ ಸಂತೋಷಪಟ್ಟರು. ನಮ್ಮನ್ನು ಬೀದಿಗೆ ಹಾಕುವ ಆಸೆ ಅವರಿಗೂ ಇರಲಿಲ್ಲ. ಅರ್ಧ ಹಣಕ್ಕೆ ಅರ್ಧ ಮನೆ ಬಿಡುತ್ತೇನೆ ಎಂದರು. ನ್ಯಾಯವಾಗಿಯೇ ಕೇಳಿಸಿತು.

"ಯಾವ ಅಂಕಣ ಬೇಕು ನೀನೇ ಹೇಳಪ್ಪ. ಉಳಿದಿದ್ದು ನನಗೆ."

"ಮಗ್ಗದ್ದು," ಎಂದ ಅಪ್ಪ. ಒಂದು ಉಸಿರು ಕೂಡ ತಡ ಮಾಡಲಿಲ್ಲ.

ಬರುವಾಗ ದಾರಿಯಲ್ಲಿ ಬಂಡಿಯವನು, "ಏನಪ್ಪ, ಇವತ್ತು ಸಾಹುಕಾರ್ನ ಆಡಾಕಿಲ್ವಾ?" ಎಂದು ನನ್ನನ್ನು ಕೆಣಕಿದ. ತಲೆನೋವು ಎಂದೆ.

ಅವ್ವ ಬಾಗಿಲಲ್ಲೇ ಕಾದಿದ್ದಳು. ಅಪ್ಪ ಕೈಕಾಲು ತೊಳೆದು ಹೇಳಿದ. ಅವಳು ಕೇಳಿಸಿಕೊಂಡು ಕೇಳಿದ್ದು ಒಂದೇ ಮಾತು:

"ನನ್ನ ಒಲೆ?"

"ಗುಣಿ ಬಿಟ್ಟುಕೊಟ್ರೆ ಒಲೆ ಮ್ಯಾಲೆ ಏನಿಡ್ತೀಯ?"

ಅವ್ವ ತಲೆಯಾಡಿಸಿದಳು. ಲೆಕ್ಕ ಅವಳಿಗೂ ಗೊತ್ತಿತ್ತು. ಮಗ್ಗದ ಅಂಕಣದಲ್ಲಿ ಹೊಗೆ ಹಾಕಿದರೆ ರೇಷ್ಮೆಯ ಬಣ್ಣ ಕೆಡುತ್ತದೆ ಎಂಬುದೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅವಳೇ ಹಿತ್ತಲಿನ ಗೋಡೆಗೆ ನಾಲ್ಕು ಕೋಲು ನೆಟ್ಟು, ಮೇಲೆ ಸಜ್ಜೆಯ ದಂಟು ಹೊದಿಸಿ, ಮೂರು ಕಲ್ಲು ಇಟ್ಟು ಒಲೆ ಮಾಡಿದಳು. ಗಾಳಿ ಬಂದಾಗಲೆಲ್ಲ ಬೆಂಕಿ ಮಲಗುತ್ತಿತ್ತು. ಅವಳು ಸೆರಗಿನಿಂದ ಮರೆ ಮಾಡಿ ಊದುತ್ತಿದ್ದಳು.

ಎರಡು ಅಂಕಣದ ನಡುವೆ ಇದ್ದ ಚಾಪೆಯ ಮರೆ ತೆಗೆದು ಗೋಡೆ ಹಾಕಬೇಕಾಯಿತು. ಒಡ್ಡರನ್ನು ಕರೆದರೆ ಕೂಲಿ ಕೊಡಬೇಕು. ನಾನೇ ಕಟ್ಟಿದೆ. ಹಿಂದಿನ ಗುಡ್ಡದಿಂದ ಕಲ್ಲು ಹೊತ್ತೆ, ಮಣ್ಣು ತುಳಿದೆ. ಅಪ್ಪ ಮಗ್ಗ ಬಿಟ್ಟೆದ್ದು ಬಂದು ಕಲ್ಲು ಎತ್ತಿಕೊಟ್ಟ. ಮನೆಯ ಎರಡು ಕಂಬಗಳ ನಡುವೆ, ನಾನು ಅಂಬೆಗಾಲಿಟ್ಟು ಓಡಾಡಿದ ಜಾಗದಲ್ಲಿ, ಮಂಡಿಯುದ್ದ, ಸೊಂಟದುದ್ದ, ಎದೆಯುದ್ದ ಗೋಡೆ ಎದ್ದಿತು. ಅವ್ವ ಆ ಕಡೆ ನಿಂತು ಒಂದೊಂದೇ ಪಾತ್ರೆ ಈ ಕಡೆ ದಾಟಿಸುತ್ತಿದ್ದಳು. ಗೋಡೆ ಅವಳ ಕುತ್ತಿಗೆಯವರೆಗೆ ಬಂದ ಮೇಲೆ, "ನಿಲ್ರೋ, ನನ್ನ ಅಲ್ಲೇ ಬಿಟ್ಟು ಕಟ್ಟಿಬಿಟ್ಟೀರ," ಎಂದಳು. ನಮ್ಮನ್ನು ನಗಿಸಲು ಹೇಳಿದಳೆಂದು ಗೊತ್ತಾಯಿತು. ನಕ್ಕೆವು.

ಮೇಲಿನ ಸಾಲಿಗೆ ಗಾರೆ ತರಲೇ ಎಂದು ನಾನು ಕೇಳಿದಾಗ ಅಪ್ಪ, "ಗಾರೆ ಬ್ಯಾಡ. ಮಣ್ಣಾಗೇ ಕಟ್ಟು. ಕೆಡವಾಕೆ ಸಲೀಸಾಗಿರ್ಲಿ," ಎಂದ. ಆ ತಿಂಗಳಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದನೆಯ ಮಾತು ಅದೇ.

ಅಮಾವಾಸ್ಯೆಯ ವಿಷಯ ಅಪ್ಪ ನನ್ನ ಹತ್ತಿರ ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೀದಿಯವರು ಸ್ವಲ್ಪ ದಿನ ನನ್ನನ್ನು ಕಂಡಾಗ ಹಲ್ಲಿನ ಸಂದಿಯಲ್ಲಿ ಸರ್ರ್ ಎಂದು ಎಳೆಯುತ್ತಿದ್ದರು. ಕೆಟ್ಟದಾಗಿ ಮಾಡುತ್ತಿದ್ದರು. ಮೊದಲಾಗಿದ್ದರೆ ಸರಿಯಾಗಿ ಹೇಗೆಂದು ಹೇಳಿಕೊಡುತ್ತಿದ್ದೆ.

ಸಂಘದ ಕಂತಿಗಾಗಿ ನಾನೂ ದಿನವೂ ಗುಣಿಗೆ ಇಳಿಯತೊಡಗಿದೆ. ಬೆಳಗಿನ ಹೊತ್ತು ಅಪ್ಪ, ಮಧ್ಯಾಹ್ನ ನಾನು. ಈಗ ಎಡಗಾಲಿಗೆ ಎಡಗಾಲೇ ತುಳಿಯುತ್ತೇನೆ. ಕಂತು ಒಂದೂ ತಪ್ಪಿಲ್ಲ, ಇನ್ನು ಮೂರು ಉಳಿದಿವೆ. ಅದು ತೀರಿದ ಮೇಲೆ ಆ ಕಡೆಯ ಅಂಕಣಕ್ಕೆ ಮತ್ತೆ ಕೇಳಬಹುದು ಎಂದು ಚಿಕ್ಕಪ್ಪ ಹೇಳುತ್ತಾನೆ. ಕೇಳಬಹುದು. ಎರಡನೆಯ ಜಾಮೀನು ಯಾರೆಂದು ಅಪ್ಪನೂ ನಾನೂ ಮಾತಾಡುವುದಿಲ್ಲ.

ಸಾಹುಕಾರರು ಆ ಅಂಕಣವನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಶಾಲೆಗೆ ಹೊಸದಾಗಿ ಬಂದ ಮೇಷ್ಟರು, ಅವರ ಹೆಂಡತಿ. ಒಳ್ಳೆಯ ಜನ. ನಮ್ಮ ಒರಳು ಅಲ್ಲಿಯೇ ಉಳಿಯಿತು. ನೆಲದಲ್ಲಿ ಹೂತ ಕಲ್ಲು. ಅದು ನಮ್ಮ ಪಾಲಿಗೆ ಬರುವುದಿಲ್ಲ ಎಂಬುದು ಗೋಡೆ ಎದ್ದ ಮೇಲೇ ಎಲ್ಲರಿಗೂ ಹೊಳೆದದ್ದು. ಅವ್ವ ಒಂದು ವಾರ ಖಾರದ ಪುಡಿಯಲ್ಲೇ ಸಾರು ಮಾಡಿದಳು. ಆಮೇಲೊಂದು ದಿನ, ನಾನು ಬಾಗಿಲಲ್ಲಿ ನೂಲು ಬಿಡಿಸುತ್ತಿದ್ದಾಗ, ಬಟ್ಟಲಲ್ಲಿ ಮೆಣಸಿನಕಾಯಿ, ಹುಣಿಸೆ, ಉಪ್ಪು ಹಾಕಿಕೊಂಡು ಈ ಬಾಗಿಲಿನಿಂದ ಇಳಿದು ಆ ಬಾಗಿಲಿಗೆ ಹೋದಳು. ಮೂರು ಮಾರು ದೂರ. ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲ ಹೊರಗೆ ನಿಂತಳು.

"ತಾಯೀ, ಒಂಚೂರು ಖಾರ ರುಬ್ಕೊಂಡು ಹೋಗ್ಲಾ?"

"ಬನ್ರೀ, ಅದಕ್ಕೆ ಕೇಳಬೇಕಾ? ನಿಮ್ಮದೇ ಒರಳು," ಎಂದಳು ಮೇಷ್ಟರ ಎಳೆಯ ಹೆಂಡತಿ.

"ನಂದಲ್ಲವ್ವ. ನಿಮ್ದು," ಎಂದಳು ಅವ್ವ. ಸೆರಗನ್ನು ಭುಜದ ಮೇಲೆ ಹೊದ್ದುಕೊಂಡು, ಬೇರೆಯವರ ಮನೆಗೆ ಹೋಗುವಾಗ ಹೇಗೋ ಹಾಗೆ, ತಲೆ ತಗ್ಗಿಸಿ ಒಳಗೆ ಹೋದಳು.

ಈಗ ಎರಡು ದಿನಕ್ಕೊಮ್ಮೆ ಹೋಗುತ್ತಾಳೆ. ಪ್ರತಿ ಸಲವೂ ಕೇಳಿಯೇ ಹೋಗುತ್ತಾಳೆ. ರುಬ್ಬಿದ ಮೇಲೆ ಒರಳು ತೊಳೆದು, ಸುತ್ತಲ ನೆಲ ಒರೆಸಿ, ಬಟ್ಟಲ ಮೇಲೆ ಎಲೆ ಮುಚ್ಚಿಕೊಂಡು ಬರುತ್ತಾಳೆ. ಅವಳು ಬರುವಷ್ಟರಲ್ಲಿ ಹಿತ್ತಲ ಒಲೆ ಆರಿರಬಾರದೆಂದು ನಾನು ಗುಣಿಯಿಂದೆದ್ದು ಹೋಗಿ ಊದುತ್ತೇನೆ.